ಹಗುರದ ಲೆಕ್ಕ

ಕನ್ನಡದಲ್ಲಿ ‘ಹಗುರ’ ಎಂಬ ಪದ ಒಂದೇ ಕಡೆ ನಿಲ್ಲುವುದಿಲ್ಲ. ದುಃಖ ಹೇಳಿಕೊಂಡ ಮೇಲೆ ಮನಸ್ಸು ಹಗುರಾಯಿತು ಅನ್ನುತ್ತೇವೆ. ಹಿರಿಯರ ಬಗ್ಗೆ ಹಗುರವಾಗಿ ಮಾತಾಡಬೇಡ ಎಂದು ಮಕ್ಕಳನ್ನು ಗದರುವಾಗಲೂ ಇದೇ ಪದ. ಒಂದು ಕಡೆ ಬಿಡುಗಡೆ, ಇನ್ನೊಂದು ಕಡೆ ಅಸಡ್ಡೆ. ಇನ್ನು ನಮ್ಮ ಧಾರವಾಡದ ಕಡೆ ‘ಹಗೂರ ಹೋಗು’ ಅಂದರೆ ನಿಧಾನಕ್ಕೆ ಹೋಗು, ಜೋಪಾನ ಎಂದರ್ಥ. ಈ ಮೂರೂ ಅರ್ಥಗಳು ಒಟ್ಟಿಗೆ ನನಗೆ ನೆನಪಾಗುವುದು ಒಂದು ವಿಚಿತ್ರ ಜಾಗದಲ್ಲಿ: ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಂತರದ ಮೂವತ್ತು ವರ್ಷಗಳಲ್ಲಿ ತಯಾರಾದ ಸಣ್ಣ, ತೆರೆದ ಛಾವಣಿಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಓದುವಾಗ. ಲೋಟಸ್, ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಮಾರ್ಗನ್. ಆ ಕಾರುಗಳ ಹಿಂದೆ ಇದ್ದದ್ದು ಒಂದು ಎಂಜಿನಿಯರಿಂಗ್ ವಿಚಾರ ಎಂದು ಎಲ್ಲರೂ ಹೇಳುತ್ತಾರೆ. ಅದು ಒಂದು ನೈತಿಕ ವಿಚಾರವೂ ಹೌದು ಎಂಬುದು ನನ್ನ ಅನುಮಾನ.

ವಿಚಾರಕ್ಕೆ ಒಬ್ಬ ಪ್ರವಕ್ತ ಬೇಕೆಂದರೆ ಕಾಲಿನ್ ಚಾಪ್‌ಮನ್ ಇದ್ದಾನೆ. 1928ರಲ್ಲಿ ಹುಟ್ಟಿದವನು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದವನು. ಅಂದರೆ ಮೋಟಾರು ಶಾಸ್ತ್ರಕ್ಕಿಂತ ಮೊದಲು ಸೇತುವೆ, ತೊಲೆ, ಕಂಬಗಳ ಶಾಸ್ತ್ರ ಕಲಿತವನು. ಒಂದು ಹೊರೆ ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ ಎಂದು ಕೇಳುವುದು ಆ ಶಾಸ್ತ್ರದ ಅಭ್ಯಾಸ. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. ಮೊದಲು ಸರಳಗೊಳಿಸು, ಆಮೇಲೆ ಹಗುರ ‘ಸೇರಿಸು’ ಎಂಬ ಮಾತು ಆತನ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ. ಇಂಜಿನ್ನಿನ ಶಕ್ತಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಇಳಿಸಿದರೆ ಎಲ್ಲೆಲ್ಲೂ ಲಾಭ ಎಂಬುದು ಅದರ ತಾತ್ಪರ್ಯ.

ಲಾಭ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಕೂರುವುದಿಲ್ಲ. ತಿರುವಿನಲ್ಲಿ ಕಾರು ಹೊರಕ್ಕೆ ಎಳೆಯುವುದು ಅದರ ದ್ರವ್ಯರಾಶಿಗೆ ತಕ್ಕಂತೆ. ಅದನ್ನು ಹಿಡಿದಿಡುವುದು ಅಂಗೈಯಷ್ಟಗಲದ ನಾಲ್ಕು ಟೈರು ತುಂಡುಗಳು. ತೂಕ ಕಡಿಮೆಯಾದರೆ ಸಣ್ಣ ಬ್ರೇಕು ಸಾಕು. ಬ್ರೇಕು ಸಣ್ಣದಾದರೆ ಚಕ್ರ ಹಗುರ. ಚಕ್ರ ಹಗುರವಾದರೆ ಅದು ನೆಲದ ಉಬ್ಬುತಗ್ಗುಗಳನ್ನು ಬೇಗ ಹಿಂಬಾಲಿಸುತ್ತದೆ, ಸ್ಪ್ರಿಂಗು ಮೆತ್ತಗಿದ್ದರೂ ನಡೆಯುತ್ತದೆ. ಸ್ಟಿಯರಿಂಗಿಗೆ ಪವರ್ ಬೇಡ. ರಸ್ತೆಯ ಸುದ್ದಿ ನೇರ ಕೈಗೆ ಬರುತ್ತದೆ. ಒಂದು ಕಿಲೋ ತೆಗೆದರೆ ಇನ್ನೊಂದು ಕಿಲೋ ತಾನಾಗಿ ಉದುರುತ್ತದೆ. ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಸುಮಾರು 500 ಕಿಲೋ. ಬಾಗಿಲು ಎನ್ನುವಂಥದ್ದು ಇಲ್ಲ, ಛಾವಣಿ ಎಂಬುದು ಒಂದು ಬಟ್ಟೆ. ಪೂರ್ತಿ ಕಾರಿಗೆ ಆಗ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗಗಳ ಗಂಟಿಗೆ ಇರಲಿಲ್ಲ. ಹಾಗಾಗಿ ಬಹಳ ಜನ ಅದನ್ನು ಪೆಟ್ಟಿಗೆಯಲ್ಲಿ ಕೊಂಡು ಮನೆಯ ಶೆಡ್ಡಿನಲ್ಲಿ ಜೋಡಿಸಿದರು. ಜೋಡಿಸುವ ವಿಧಾನವನ್ನು ಬರೆದುಕೊಟ್ಟರೆ ತೆರಿಗೆ ಬೀಳುತ್ತಿತ್ತಂತೆ. ಅದಕ್ಕೆ ಕಂಪನಿ ಬಿಚ್ಚುವ ವಿಧಾನವನ್ನು ಬರೆದುಕೊಟ್ಟು, ಹಿಂದಿನಿಂದ ಓದಿಕೊಳ್ಳಿ ಎಂದಿತಂತೆ. ಕಥೆ ಎಷ್ಟು ಚೆನ್ನಾಗಿದೆಯೆಂದರೆ ಯಾರೂ ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ.

ಎಲ್ಲ ಹಗುರವೂ ಚಾಪ್‌ಮನ್ನನ ಬಗೆಯದಲ್ಲ. 1958ರ ಆಸ್ಟಿನ್-ಹೀಲಿ ಸ್ಪ್ರೈಟ್ ನೋಡಿ. ದೀಪಗಳು ಬಾನೆಟ್ಟಿನ ಮೇಲೆ ಉಬ್ಬಿಕೊಂಡಿದ್ದುದರಿಂದ ‘ಕಪ್ಪೆಗಣ್ಣು’ ಎಂದೇ ಹೆಸರಾದ ಕಾರು. ಬೇಡದಾಗ ಮಡಚಿಕೊಳ್ಳುವ ದೀಪ ಕೊಡಬೇಕೆಂದಿದ್ದರು. ದುಡ್ಡು ಸಾಲದೆ ಬಿಟ್ಟರು. ಹೊರಗಡೆ ಬಾಗಿಲ ಹಿಡಿಕೆಗಳಿಲ್ಲ, ಒಳಗೆ ಕೈ ಹಾಕಿ ತೆಗೆಯಬೇಕು. ಹಿಂದೆ ಡಿಕ್ಕಿಯ ಜಾಗವಿದೆ, ಮುಚ್ಚಳವಿಲ್ಲ. ಸಾಮಾನು ಇಡಬೇಕೆಂದರೆ ಸೀಟು ಬಗ್ಗಿಸಿ, ಅದರ ಹಿಂದಿನ ಕತ್ತಲೆಗೆ ತಲೆ ತೂರಿಸಿ ತಳ್ಳಬೇಕು. 948 ಸಿಸಿ ಇಂಜಿನ್, 43 ಕುದುರೆ ಶಕ್ತಿ. ಇವತ್ತಿನ ನಮ್ಮ ಯಾವ ಸಣ್ಣ ಹ್ಯಾಚ್‌ಬ್ಯಾಕೂ ಅದನ್ನು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹಿಂದೆ ಹಾಕುತ್ತದೆ. ಧಾರವಾಡದ ಅರ್ಥದಲ್ಲಿ ಅದು ಹಗೂರ ಹೋಗುವ ಕಾರು. ಆದರೂ ಅದನ್ನು ಓಡಿಸಿದವರು ಅರವತ್ತು ವರ್ಷಗಳ ನಂತರವೂ ಮರೆಯುವುದಿಲ್ಲ.

ಇಲ್ಲೊಂದು ಮಾತು ನನಗೆ ಹೊಳೆಯುತ್ತದೆ, ಈ ಬರಹದಲ್ಲಿ ನಾನು ಹಿಡಿದು ಹೋಗುತ್ತಿರುವುದು ಅದನ್ನೇ. ಡಿಕ್ಕಿಯ ಮುಚ್ಚಳ ಹೋಯಿತು, ಆದರೆ ಮುಚ್ಚಳ ಮಾಡುತ್ತಿದ್ದ ಕೆಲಸ ಹೋಗಲಿಲ್ಲ. ಅದನ್ನು ಈಗ ಮಾಲೀಕನ ಸೊಂಟ ಮಾಡುತ್ತಿದೆ. ಯಂತ್ರದಿಂದ ಯಾವ ಭಾಗವನ್ನು ಕಿತ್ತರೂ ಹೀಗೆಯೇ. ಭಾಗ ತೂಗುತ್ತದೆ, ಅದನ್ನು ತೆಗೆಯಬಹುದು. ಅದರ ಕೆಲಸಕ್ಕೆ ತೂಕವಿಲ್ಲ, ಹಾಗಾಗಿ ಅದು ತಕ್ಕಡಿಯಲ್ಲಿ ಕಾಣುವುದಿಲ್ಲ; ಆದರೆ ಅದು ಎಲ್ಲೋ ಹೋಗಿ ಯಾರದೋ ಹೆಗಲ ಮೇಲೆ ಕೂರುತ್ತದೆ. ಕೆಲವು ಸಲ ಇನ್ನೊಂದು ಭಾಗದ ಮೇಲೆ, ಕೆಲವು ಸಲ ಮನುಷ್ಯನ ಮೇಲೆ.

ಕಾರಿನ ಛಾವಣಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಛಾವಣಿ ತೆಗೆದರೆ ಕಾರು ಹಗುರಾಗುತ್ತದೆ ಎಂದು ಅನಿಸುವುದು ಸಹಜ. ಸಾಮಾನ್ಯ ಕಾರಿನಲ್ಲಿ ಆಗುವುದು ತಿರುಗು ಮುರುಗು. ಆ ಡಬ್ಬಿ ತಿರುಚಿಕೊಳ್ಳದಂತೆ ಹಿಡಿದಿಡುವುದರಲ್ಲಿ ಛಾವಣಿಗೂ ಪಾಲಿದೆ. ಅದನ್ನು ಕತ್ತರಿಸಿದರೆ ಕೆಳಗೆ ಅದಕ್ಕಿಂತ ಹೆಚ್ಚು ಉಕ್ಕು ತುಂಬಬೇಕಾಗುತ್ತದೆ. ಎಷ್ಟೋ ಕನ್ವರ್ಟಿಬಲ್‌ಗಳು ತಮ್ಮ ಮುಚ್ಚಿದ ಅಣ್ಣತಮ್ಮಂದಿರಿಗಿಂತ ಭಾರ. 1962ರ ಲೋಟಸ್ ಇಲಾನ್‌ನಲ್ಲಿ ಚಾಪ್‌ಮನ್ ಮತ್ತು ವಿನ್ಯಾಸಕಾರ ರಾನ್ ಹಿಕ್‌ಮನ್ ಇದಕ್ಕೆ ಉತ್ತರ ಕಂಡುಕೊಂಡರು. ಎರಡು ಸೀಟುಗಳ ನಡುವೆ ಬೆನ್ನೆಲುಬಿನಂತೆ ಒಂದು ಉಕ್ಕಿನ ಪೆಟ್ಟಿಗೆ, ಎರಡು ತುದಿಯಲ್ಲಿ ಕವೆ; ಹೊರೆಯೆಲ್ಲ ಅದರ ಮೇಲೆ. ಮೇಲಿನ ಫೈಬರ್‌ಗ್ಲಾಸ್ ಮೈಗೆ ಹೆಚ್ಚು ಹೊರುವ ಕೆಲಸವಿಲ್ಲ, ಛಾವಣಿಗಂತೂ ಇಲ್ಲವೇ ಇಲ್ಲ. ಕೆಲಸವನ್ನು ಮೊದಲೇ ಬೇರೊಬ್ಬರಿಗೆ ಒಪ್ಪಿಸಿ, ಆಮೇಲೆ ಛಾವಣಿಯನ್ನು ಕಳಿಸಿಕೊಟ್ಟರು. ಇಡೀ ಕಾರು ಸುಮಾರು 680 ಕಿಲೋ, ನಮ್ಮ ಹಳೆಯ ಮಾರುತಿ 800ರ ಆಸುಪಾಸು. ಮೆಕ್‌ಲಾರೆನ್ ಎಫ್1 ಎಂಬ ದುಬಾರಿ ಅದ್ಭುತವನ್ನು ವಿನ್ಯಾಸ ಮಾಡಿದ ಗಾರ್ಡನ್ ಮರ್ರಿಗೆ ಉಳಿದ ಒಂದು ಕೊರಗು, ಅದರ ಸ್ಟಿಯರಿಂಗು ಇಲಾನ್‌ನಷ್ಟು ಚೆನ್ನಾಗಲಿಲ್ಲ ಎಂಬುದು. 1989ರಲ್ಲಿ ಜಪಾನಿನ ಮಾಜ್ದಾ ಎಂಎಕ್ಸ್-5 ತಂದಾಗ ಅದರ ಕಣ್ಣ ಮುಂದೆ ಇದ್ದದ್ದೂ ಇಲಾನ್.

ಇಷ್ಟರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು? ಡಿಕ್ಕಿಯ ಮುಚ್ಚಳವೂ ಛಾವಣಿಯೂ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಕಾರಿನ ತೂಕಕ್ಕೆ ಇನ್ನೊಂದು ಕೆಲಸವಿದೆ, ಅಪಘಾತದಲ್ಲಿ ಒಳಗಿರುವವರನ್ನು ಕಾಪಾಡುವುದು. ಅದನ್ನು ಹೇಗೆ ಕಾಪಾಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. 700 ಕಿಲೋ ಕಾರು ಒಂದು, 2,100 ಕಿಲೋ ಕಾರು ಒಂದು. ಎರಡೂ ಗಂಟೆಗೆ 50 ಕಿಲೋಮೀಟರಿನಲ್ಲಿ ಎದುರುಬದುರಾಗಿ ಗುದ್ದಿ ಅಂಟಿಕೊಂಡವು ಎಂದುಕೊಳ್ಳಿ. ಹೈಸ್ಕೂಲಿನ ಭೌತಶಾಸ್ತ್ರ ಸಾಕು: ಮುದ್ದೆ ಭಾರದ ಕಾರಿನ ದಿಕ್ಕಿನಲ್ಲಿ 25 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಭಾರದ ಕಾರಿನೊಳಗಿನವರ ವೇಗ ಬದಲಾದದ್ದು 25. ಹಗುರದ ಕಾರಿನೊಳಗಿನವರದ್ದು 75, ಏಕೆಂದರೆ ಅವರು ಮುಂದಕ್ಕೆ ಹೋಗುತ್ತಿದ್ದವರು ನಿಂತು, ಹಿಂದಕ್ಕೆ ತಳ್ಳಲ್ಪಟ್ಟರು. ಇಬ್ಬರೂ 700 ಕಿಲೋದವರಾಗಿದ್ದರೆ ಒಬ್ಬೊಬ್ಬರಿಗೂ 50. ಇಬ್ಬರೂ 2,100 ಕಿಲೋದವರಾಗಿದ್ದರೂ 50 ಕ್ಕೆ 50.

ಈ ಕೊನೆಯ ಸಾಲನ್ನು ಗಮನಿಸಬೇಕು. ಎಲ್ಲರೂ ಭಾರವಾದರೆ ಈ ಲೆಕ್ಕದಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಭಾರದಿಂದ ಸಿಗುವ ರಕ್ಷಣೆ ಸಿಗುವುದು ಎದುರಿನವನು ಹಗುರವಾಗಿದ್ದಾಗ ಮಾತ್ರ, ಅದೂ ಅವನಿಂದ ಕಿತ್ತುಕೊಂಡು. 50ರಲ್ಲಿ ಅರ್ಧವನ್ನು ನಾನು ಉಳಿಸಿಕೊಂಡೆ, ಅಷ್ಟನ್ನೇ ಅವನ ಖಾತೆಗೆ ಬರೆದೆ. ಎಲ್ಲರೂ ಹೀಗೇ ಮಾಡಿದರೆ ಏನಾಗುತ್ತದೆ ಎಂಬ ಕಾಂಟ್‌ನ ಹಳೆಯ ಪ್ರಶ್ನೆಯ ಎದುರು ಈ ರಕ್ಷಣೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಸೀಟ್ ಬೆಲ್ಟು, ಗಾಳಿಚೀಲ, ಮುಂದುಗಡೆ ನಜ್ಜುಗುಜ್ಜಾಗಲೆಂದೇ ಬಿಟ್ಟ ಉದ್ದ ಇವು ಹಾಗಲ್ಲ. ನಾನು ಬೆಲ್ಟು ಹಾಕಿಕೊಂಡರೆ ಎದುರಿನವನಿಗೆ ಏನೂ ನಷ್ಟವಿಲ್ಲ. ಉದ್ದ ಮೂಗಿನ ಹಗುರ ಕಾರು ಇಬ್ಬರಿಗೂ ಒಳ್ಳೆಯದು. ಕಿಲೋಗಳ ಮಾತು ಮಾತ್ರ ಬೇರೆ. ಹಾಗಾಗಿ ಹಗುರ ಸ್ಪೋರ್ಟ್ಸ್ ಕಾರನ್ನು ನಾವು ಶೋಕಿ ಎಂದೂ, ಭಾರಿ ಎಸ್‌ಯುವಿಯನ್ನು ಸಂಸಾರಸ್ಥನ ಜವಾಬ್ದಾರಿಯ ಆಯ್ಕೆ ಎಂದೂ ಕರೆಯುವುದರಲ್ಲಿ ಏನೋ ತಿರುಗು ಮುರುಗಾಗಿದೆ. ಇಲಾನ್ ಓಡಿಸುವವನು ತನ್ನ ಅಪಾಯವನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ. ಇನ್ನೊಬ್ಬ ಮಕ್ಕಳ ಹೆಸರು ಹೇಳಿ ತನ್ನದನ್ನು ಪಕ್ಕದ ಮನೆಯ ಮಕ್ಕಳಿಗೆ ದಾಟಿಸಿದ್ದಾನೆ.

ವಾದ ಇಲ್ಲಿಗೆ ನಿಂತರೆ ಓಡಿಸುವವನ ಬೆನ್ನು ತಟ್ಟಿ ಮನೆಗೆ ಹೋಗಬಹುದಿತ್ತು. ನಿಲ್ಲುವುದಿಲ್ಲ. ಎದುರಿಗೆ ಬರುವುದು ಕಾರಲ್ಲ, ನಡೆದು ಹೋಗುವ ಮನುಷ್ಯ ಎಂದುಕೊಳ್ಳಿ. 60 ಕಿಲೋ ಮನುಷ್ಯನಿಗೆ 700ಕ್ಕೂ 2,100ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಅವನಿಗೆ ಗೋಡೆಗಳೇ. ಅವನ ಬದುಕು ನಿಂತಿರುವುದು ವೇಗದ ಮೇಲೆ, ಬಾನೆಟ್ಟಿನ ಎತ್ತರದ ಮೇಲೆ. ತಗ್ಗು ಮೂಗಿನ ಹಗುರ ಕಾರು ಕಾಲಿಗೆ ಬಡಿಯುತ್ತದೆ, ಎತ್ತರದ್ದು ಎದೆಗೆ, ಮಕ್ಕಳಾದರೆ ತಲೆಗೆ. ಎತ್ತರದಲ್ಲಿ ಹಗುರ ಕಾರಿಗೆ ಒಂದು ಅಂಕ ಕೊಡಬಹುದು. ವೇಗದಲ್ಲಿ ಕೊಡುವ ಹಾಗಿಲ್ಲ, ಏಕೆಂದರೆ ತಿರುವುಗಳನ್ನು ಸವಿಯಲೆಂದೇ ಕಟ್ಟಿದ ಕಾರನ್ನು ಜನ ತಿರುವುಗಳಲ್ಲಿ ನಿಧಾನಿಸಲೆಂದು ಕೊಳ್ಳುವುದಿಲ್ಲ. ಇನ್ನೂ ಒಂದು ತೊಡಕಿದೆ, ಅಭಿಮಾನಿಗಳು ಅದರ ಬಗ್ಗೆ ಮಾತಾಡುವುದು ಕಡಿಮೆ. ಈ ಕಾರುಗಳಿಗೆ ಇರುವುದು ಎರಡು ಸೀಟು. ಮೊದಲ ಟ್ರಯಂಫ್ ಸ್ಪಿಟ್‌ಫೈರ್‌ಗಳ ಹಿಂದಿನ ಸಸ್ಪೆನ್ಷನ್ ಅಗ್ಗದ ಸ್ವಿಂಗ್ ಆಕ್ಸಲ್ ಮಾದರಿಯದು. ತಿರುವಿನ ನಡುವೆ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಸುತ್ತುತ್ತಿತ್ತು. ಓಡಿಸುವವನಿಗೆ ಅದು ಗೊತ್ತಿರಬಹುದು, ಆ ಅರಿವೇ ಅವನ ಖುಷಿಯ ಭಾಗವೂ ಆಗಿರಬಹುದು. ಪಕ್ಕದಲ್ಲಿ ಕೂತವಳಿಗೆ ಯಾರು ಹೇಳಿದ್ದರು? ತನ್ನ ಅಪಾಯ ತನ್ನ ಬಳಿ ಎಂಬ ಹೆಮ್ಮೆಗೆ ಎಡಗಡೆಯ ಸೀಟು ಖಾಲಿ ಇರಬೇಕಾಗುತ್ತದೆ.

ಖಾಲಿ ಇದ್ದಾಗಲೂ ಪ್ರಶ್ನೆ ಮುಗಿಯದು ಎಂದು ತೋರಿಸುವುದು ಲೋಟಸ್‌ನ ರೇಸ್ ಕಾರುಗಳು. ಅವುಗಳಲ್ಲಿ ಒಂದೇ ಸೀಟು. ರಸ್ತೆಯ ಕಾರುಗಳ ವಿಚಾರವೇ ಅಲ್ಲಿ ತುತ್ತತುದಿಗೆ ಹೋಯಿತು. 1960ರ ಮೇ ತಿಂಗಳಲ್ಲಿ ಸ್ಟರ್ಲಿಂಗ್ ಮಾಸ್ ಲೋಟಸ್ 18ರಲ್ಲಿ ಮೊನಾಕೊ ಗೆದ್ದ, ಲೋಟಸ್ ಕಾರಿಗೆ ಅದು ಮೊದಲ ಗ್ರ್ಯಾನ್ ಪ್ರೀ ಗೆಲುವು. ಮುಂದಿನ ತಿಂಗಳು ಬೆಲ್ಜಿಯಂನ ಸ್ಪಾದಲ್ಲಿ ಅದೇ ಮಾದರಿಯ ಹಿಂದಿನ ಚಕ್ರ ಓಡುತ್ತಿದ್ದಾಗಲೇ ಕಳಚಿಕೊಂಡು, ಮಾಸ್‌ನ ಎರಡೂ ಕಾಲು ಮುರಿದವು. ಗೆಲುವನ್ನೂ ಮುರಿದ ಕಾಲನ್ನೂ ಕೊಟ್ಟದ್ದು ಒಂದೇ ತಕ್ಕಡಿ.

ಯೋಖೆನ್ ರಿಂಟ್‌ನ ಕಥೆ ಇದಕ್ಕಿಂತ ಸಿಕ್ಕು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಬೆಳೆದವನು, 1969ರಲ್ಲಿ ಲೋಟಸ್ ಸೇರಿದ. ಆ ಮೇ ತಿಂಗಳಲ್ಲಿ ಬಾರ್ಸಿಲೋನಾದ ಮಾಂಜುಯಿಕ್‌ನಲ್ಲಿ, ಒಂದೇ ರೇಸಿನಲ್ಲಿ, ಆತನ ಮತ್ತು ಜೊತೆಗಾರ ಗ್ರಹಾಂ ಹಿಲ್‌ನ ಕಾರುಗಳ ಹಿಂದಿನ ಎತ್ತರದ ರೆಕ್ಕೆಗಳು ಮುರಿದು ಇಬ್ಬರೂ ಅಪ್ಪಳಿಸಿದರು. ಕೆಲವೇ ದಿನಗಳಲ್ಲಿ ರಿಂಟ್ ಚಾಪ್‌ಮನ್‌ಗೆ ಒಂದು ಕಾಗದ ಬರೆದ. ಕಾಗದ ಈಗ ಪ್ರಸಿದ್ಧ. ನಿಮ್ಮ ಕಾರುಗಳು ಎಷ್ಟು ವೇಗದವೆಂದರೆ, ಎಲ್ಲಕ್ಕಿಂತ ದುರ್ಬಲವಾದ ಭಾಗಗಳಿಗೆ ಕೆಲವೇ ಪೌಂಡು ತೂಕ ಸೇರಿಸಿ ಗಟ್ಟಿ ಮಾಡಿದರೂ ನಾವು ಸ್ಪರ್ಧೆಯಲ್ಲಿರುತ್ತೇವೆ. ನಂಬಿಕೆಯಿದ್ದರೆ ಮಾತ್ರ ನಾನು ಓಡಿಸಬಲ್ಲೆ, ಆ ನಂಬಿಕೆ ಹೋಗುವ ಹಂತಕ್ಕೆ ಬಂದಿದೆ ಎಂಬುದು ಅದರ ಸಾರ. ನನಗೆ ಆ ಕಾಗದದಲ್ಲಿ ಬಡಿಯುವುದು ಅದರ ವಿನಯ. ಅವನು ಭದ್ರ ಕಾರು ಕೊಡಿ ಎಂದು ಕೇಳಲಿಲ್ಲ. ಗೆಲ್ಲುವುದನ್ನು ಬಿಡದೆ ಬದುಕುವುದಕ್ಕೆ ಎಷ್ಟು ತೂಕ ಬೇಕೋ ಅಷ್ಟನ್ನು, ತೀರಾ ಕಡಿಮೆ ಅಳೆದು ಕೇಳಿದ.

1970ಕ್ಕೆ ಲೋಟಸ್ 72 ಬಂತು. ಅದರ ಮುಂದಿನ ಬ್ರೇಕುಗಳು ಚಕ್ರದ ಒಳಗಿರದೆ ಕಾರಿನ ಮೈಯೊಳಗಿದ್ದವು. ಚಕ್ರ ಹಗುರವಾಗಲಿ ಎಂದು ಮಾಡಿದ ಜಾಣತನ. ಬ್ರೇಕಿನಿಂದ ಚಕ್ರಕ್ಕೆ ಒಂದು ಟೊಳ್ಳು ಶಾಫ್ಟು. ಕಾರನ್ನು ನಿಲ್ಲಿಸುವ ಇಡೀ ಬಲ ಅದರ ತಿರುಚಿನ ಮೇಲೆ. ರಿಂಟ್ ಆ ವರ್ಷ ಮೊನಾಕೊದಲ್ಲಿ ಹಳೆಯ ಕಾರಿನಲ್ಲಿ ಗೆದ್ದು, ಆಮೇಲೆ ಹೊಸದರಲ್ಲಿ ಸಾಲಾಗಿ ನಾಲ್ಕು ರೇಸು ಗೆದ್ದ. ಆಗಸ್ಟಿನಲ್ಲಿ ಆಸ್ಟ್ರಿಯಾದಲ್ಲಿ ತಂಡದ ಇನ್ನೊಬ್ಬ ಚಾಲಕ ಜಾನ್ ಮೈಲ್ಸ್‌ನ ಕಾರಿನಲ್ಲಿ ಮುಂದಿನ ಬ್ರೇಕ್ ಶಾಫ್ಟು ಮುರಿಯಿತು. ಮೈಲ್ಸ್ ಬದುಕಿದ. ಸೆಪ್ಟೆಂಬರ್ 5ರಂದು ಇಟಲಿಯ ಮೊನ್ಜಾದಲ್ಲಿ ಅಭ್ಯಾಸ ಓಟ. ನೇರ ಹಾದಿಯಲ್ಲಿ ವೇಗ ಸಿಗಲೆಂದು ಕಾರಿನ ರೆಕ್ಕೆಗಳನ್ನು ಬಿಚ್ಚಿದ್ದರು. ಪರಾಬೋಲಿಕಾ ತಿರುವಿಗೆ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಹೊರಳಿ ತಡೆಬೇಲಿಗೆ ಬಡಿಯಿತು. ರಿಂಟ್‌ಗೆ 28 ವರ್ಷ. ಆ ವರ್ಷದ ಅಂಕಗಳನ್ನು ಉಳಿದವರು ಯಾರೂ ಮೀರದೆ, ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ ಒಬ್ಬನೇ ಒಬ್ಬ ಚಾಲಕ ಅವನು. ಟ್ರೋಫಿ ತೆಗೆದುಕೊಂಡದ್ದು ಹೆಂಡತಿ ನೀನಾ.

ಅಪಘಾತ ಶುರುವಾದದ್ದು ಬಲಗಡೆಯ ಮುಂದಿನ ಬ್ರೇಕ್ ಶಾಫ್ಟು ಮುರಿದದ್ದರಿಂದ, ಆದರೆ ಸಾವಿಗೆ ಕಾರಣ ಸರಿಯಾಗಿ ನೆಡದ ತಡೆಬೇಲಿ ಎಂದು ಇಟಲಿಯಲ್ಲಿ ನಡೆದ ತನಿಖೆ ಹೇಳಿತು. ಚಾಪ್‌ಮನ್ ವರ್ಷಗಟ್ಟಲೆ ನಡೆದ ಮೊಕದ್ದಮೆಯಿಂದ ಖುಲಾಸೆಯಾದ. ರೆಕ್ಕೆ ಬಿಚ್ಚುವುದಕ್ಕೆ ರಿಂಟ್ ಒಪ್ಪಿದ್ದ. ಹಿಂದಿನ ದಿನ ರೆಕ್ಕೆಯಿಲ್ಲದೆ ಓಡಿಸಿದ್ದ ಮೈಲ್ಸ್ ಅದನ್ನು ವಿರೋಧಿಸಿದ್ದ. ಐದು ಪಟ್ಟಿಯ ಸೀಟ್ ಬೆಲ್ಟಿನಲ್ಲಿ ಕಾಲುಗಳ ನಡುವೆ ಬರುವ ಪಟ್ಟಿಯನ್ನು ರಿಂಟ್ ಹಾಕುತ್ತಿರಲಿಲ್ಲ, ಬೆಂಕಿ ಹತ್ತಿದರೆ ಬೇಗ ಹೊರಗೆ ಹಾರಬೇಕೆಂದು. ಆ ಪಟ್ಟಿ ಇಲ್ಲದ್ದರಿಂದಲೇ ದೇಹ ಮುಂದಕ್ಕೆ ಜಾರಿ, ಉಳಿದ ಬೆಲ್ಟು ಕುತ್ತಿಗೆ ಸೀಳಿತು.

ಇದನ್ನೆಲ್ಲ ಓದಿದಾಗ ತಪ್ಪು ಯಾರದು ಎಂದು ಹೇಳುವ ಆತುರ ಹುಟ್ಟುತ್ತದೆ. ಚಾಪ್‌ಮನ್‌ನನ್ನು ಕೊಲೆಗಾರ ಎನ್ನುವವರಿದ್ದಾರೆ. ರೇಸು ಅಂದಮೇಲೆ ಸಾವು ಇದ್ದದ್ದೇ, ಅವನಿಗೆ ಗೊತ್ತಿರಲಿಲ್ಲವೇ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ರೆಕ್ಕೆ ತೆಗೆದದ್ದು, ಪಟ್ಟಿ ಬಿಟ್ಟದ್ದು ರಿಂಟ್‌ನ ನಿರ್ಧಾರಗಳು. ಅವನು ಸೀಟಿನಲ್ಲಿ ಕೂತು, ಏನು ಹೋಗುತ್ತಿದೆ, ಅದರ ಬದಲು ಏನು ಸಿಗುತ್ತಿದೆ ಎಂದು ತಿಳಿದು ತೂಗಿದ್ದ. ತೂಗಿದ್ದು ತಪ್ಪಾಗಿರಬಹುದು, ಆದರೂ ಅದು ಅವನ ತಕ್ಕಡಿ. ಶಾಫ್ಟಿನ ದಪ್ಪ ಹಾಗಲ್ಲ. ಅದನ್ನು ನಿರ್ಧರಿಸಿದವರು ಡ್ರಾಯಿಂಗ್ ಬೋರ್ಡಿನ ಮುಂದೆ ಇದ್ದರು. ಒಳಗಿನ ಟೊಳ್ಳು ಅವನ ಕಣ್ಣಿಗೆ ಕಾಣುವಂಥದ್ದಲ್ಲ. ಇಲ್ಲಿ ಅವನಿಗೆ ಉಳಿದಿದ್ದ ದಾರಿ ಒಂದೇ, ಕೇಳುವುದು. ಕೇಳಿದ್ದ, ಒಂದು ವರ್ಷ ನಾಲ್ಕು ತಿಂಗಳ ಮೊದಲು, ಬರವಣಿಗೆಯಲ್ಲಿ. ಚಾಪ್‌ಮನ್ ಮೇಲೆ ನನ್ನ ದೂರು ಶಾಫ್ಟು ಮುರಿದದ್ದಕ್ಕಿಂತ ಆ ಕಾಗದದ ಬಗ್ಗೆ ಹೆಚ್ಚು. ಹೊರೆ ಹೊರುವವನು ಬಾಯಿಬಿಟ್ಟು ಹೇಳಿದ ಮೇಲೂ ತೆಗೆಯುವವನ ಅಭ್ಯಾಸ ಬದಲಾಗದೆ ಇದ್ದರೆ, ಅಲ್ಲಿ ಹಗುರ ಎಂಬುದು ಎರಡನೆಯ ಅರ್ಥಕ್ಕೆ, ಅಸಡ್ಡೆಗೆ, ದಾಟಿಬಿಟ್ಟಿರುತ್ತದೆ.

ಇದು ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ಪುಣೆಯ ಹೊರವಲಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಲ್ಲಿ ‘ತೂಕ ಇಳಿಸುವ ಮೀಟಿಂಗ್’ ಎಂಬುದು ತಪ್ಪದೆ ಬರುವ ಏಕಾದಶಿಯಂತೆ. ಒಂದು ಬ್ರಾಕೆಟ್ಟಿನಿಂದ 40 ಗ್ರಾಂ ತೆಗೆದರೆ ವರ್ಷಕ್ಕೆ ಎಷ್ಟು ಟನ್ ಉಕ್ಕು, ಎಷ್ಟು ರೂಪಾಯಿ ಎಂಬುದು ಪರದೆಯ ಮೇಲೆ ಕೂಡಲೇ ಮೂಡುತ್ತದೆ. ಆ 40 ಗ್ರಾಂ ಮಾಡುತ್ತಿದ್ದ ಕೆಲಸ ಏನು ಎಂಬ ಕಾಲಮ್ಮೂ ಇರುತ್ತದೆ, ಎಲ್ಲಕ್ಕಿಂತ ಕೊನೆಗೆ, ಚಹಾ ಬರುವ ಹೊತ್ತಿಗೆ. ಕೋಣೆಯಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ. ಲೆಕ್ಕ ಸರಿಯಾಗಿ ಮಾಡುವವರು, ಪರೀಕ್ಷೆಗೆ ಹಟ ಹಿಡಿಯುವವರು ಬೇಕಾದಷ್ಟು ಜನ ಇರುತ್ತಾರೆ. ಆದರೆ ಆ ಬ್ರಾಕೆಟ್ಟಿನ ಮೇಲೆ ಕೂರುವವನು ಮೀಟಿಂಗಿಗೆ ಬರುವುದಿಲ್ಲ. ಅವನ ಪರವಾಗಿ ಯಾರಾದರೂ ರಿಂಟ್‌ನ ಕಾಗದವನ್ನು ಮನಸ್ಸಿನಲ್ಲೇ ಬರೆಯುತ್ತಿರಬೇಕಾಗುತ್ತದೆ.

ಇನ್ನೊಂದು ಬಗೆಯ ಹಗುರವೂ ಸಾಧ್ಯ ಎಂಬುದಕ್ಕೆ ಲೋಟಸ್‌ನಿಂದಲೇ ಉದಾಹರಣೆ ಸಿಗುತ್ತದೆ, ಚಾಪ್‌ಮನ್ 1982ರಲ್ಲಿ ಹೃದಯಾಘಾತದಿಂದ ತೀರಿಕೊಂಡ ಎಷ್ಟೋ ವರ್ಷಗಳ ನಂತರ. 1996ರಲ್ಲಿ ಮಾರುಕಟ್ಟೆಗೆ ಬಂದ ಇಲೀಸ್, ಸುಮಾರು 725 ಕಿಲೋ. ಅದರ ಚಾಸಿಯನ್ನು ಅಚ್ಚಿನಿಂದ ಹಿಂಡಿ ತೆಗೆದ ಅಲ್ಯೂಮಿನಿಯಂ ಪಟ್ಟಿಗಳಿಂದ ಮಾಡಿ, ಬಹುಪಾಲು ಎಪಾಕ್ಸಿ ಅಂಟಿನಿಂದ ಕೂಡಿಸಿದ್ದರು. ಇಡೀ ತೊಟ್ಟಿ 70 ಕಿಲೋ ಕೂಡ ಇಲ್ಲ, ಗಟ್ಟಿತನದಲ್ಲಿ ಕಡಿಮೆಯೂ ಇಲ್ಲ. ಇದರ ಬೆಲೆ ಎಲ್ಲಿ ತೆತ್ತರು? ಆ ಗಟ್ಟಿತನಕ್ಕಾಗಿ ಬಾಗಿಲ ಕೆಳಗಿನ ಹೊಸ್ತಿಲು ಎತ್ತರವಾಗಿ, ಅಗಲವಾಗಿ ಇದೆ. ಛಾವಣಿ ಹಾಕಿದ್ದಾಗ ಒಳಗೆ ಹೋಗುವುದೆಂದರೆ ಒಂದು ಆಸನ ಹಾಕಿದಂತೆ: ಮೊದಲು ಒಂದು ಕಾಲು, ಆಮೇಲೆ ಕುಂಡಿ, ಕೊನೆಗೆ ಉಳಿದದ್ದು. ಮೊಣಕಾಲು ನೋವಿನವರಿಗೆ ಆಗದು. ಆದರೆ ಈ ಬೆಲೆ ಶೋರೂಮಿನಲ್ಲೇ, ಹಣ ಕೊಡುವ ಮೊದಲೇ, ಕೊಳ್ಳುವವನ ಮೈಗೆ ಗೊತ್ತಾಗುತ್ತದೆ. ಸ್ಪ್ರೈಟ್‌ನ ಡಿಕ್ಕಿಯೂ ಹಾಗೆಯೇ. ಗೊತ್ತಾಗುವ ಬೆಲೆಯೂ ಗೊತ್ತಾಗದ ಬೆಲೆಯೂ ತಕ್ಕಡಿಯಲ್ಲಿ ಒಂದೇ ತೂಗಬಹುದು, ನನ್ನ ಮಟ್ಟಿಗೆ ಅವು ಒಂದೇ ಜಾತಿಯವಲ್ಲ.

ಕಾನೂನಿನ ಕಥೆ ಬೇಗ ಹೇಳಿ ಮುಗಿಸಬಹುದು. 1965ರಲ್ಲಿ ರಾಲ್ಫ್ ನೇಡರ್ ಅಮೆರಿಕದ ಕಾರುಗಳ ಅಪಾಯಗಳ ಬಗ್ಗೆ ಪುಸ್ತಕ ಬರೆದ, ಮರುವರ್ಷ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಐದು ಲಕ್ಷಕ್ಕೂ ಹೆಚ್ಚು ಮಾರಾಟವಾದ ಎಂಜಿಬಿಗೆ ಅಮೆರಿಕವೇ ದೊಡ್ಡ ಸಂತೆ. 1974ರಲ್ಲಿ ಅದರ ಚಂದದ ಕ್ರೋಮ್ ಬಂಪರ್ ಹೋಗಿ ದಪ್ಪ ಕರಿ ರಬ್ಬರಿನದು ಬಂತು. ಬಂಪರಿನ ಎತ್ತರದ ನಿಯಮಕ್ಕೆಂದು ಇಡೀ ಕಾರನ್ನೇ ಮೇಲೆತ್ತಿದರು. ತಿರುವುಗಳಲ್ಲಿ ಕಾರು ವಾಲತೊಡಗಿತು. ಅಭಿಮಾನಿಗಳು ಇವತ್ತಿಗೂ ಶಾಪ ಹಾಕುತ್ತಾರೆ, ಈ ಒಂದು ವಿಷಯದಲ್ಲಿ ನಾನು ಅವರ ಕಡೆ. ಆ ಬಂಪರ್ ನಿಯಮ ನಿಧಾನ ವೇಗದ ತಾಗುಗಳಲ್ಲಿ ಆಗುವ ರಿಪೇರಿ ಖರ್ಚನ್ನು ಉಳಿಸುವುದಕ್ಕೆ ಇದ್ದದ್ದು, ಜೀವ ಉಳಿಸುವುದಕ್ಕಲ್ಲ. ಬೆಲ್ಟು, ಮಡಚಿಕೊಳ್ಳುವ ಸ್ಟಿಯರಿಂಗ್ ಕಂಬ ಇವುಗಳ ವಿಷಯದಲ್ಲಿ ಅದೇ ಶಾಪ ಹಾಕಿದರೆ ಮಾತ್ರ ಅವರ ಜೊತೆ ಹೋಗಲಾರೆ. ಆಬಿಂಗ್ಡನ್‌ನ ಎಂಜಿ ಕಾರ್ಖಾನೆ 1980ರಲ್ಲಿ ಮುಚ್ಚಿತು.

ಆ ಹೆಸರುಗಳು ಮಾತ್ರ ಮುಚ್ಚಲಿಲ್ಲ. 2019ರಲ್ಲಿ ಎಂಜಿ ಚೀನೀ ಒಡೆತನದಲ್ಲಿ ಭಾರತಕ್ಕೆ ಬಂತು, ಮೊದಲು ತಂದದ್ದು ಹೆಕ್ಟರ್ ಎಂಬ ಎಸ್‌ಯುವಿ. 2025ರಲ್ಲಿ ಇಲ್ಲಿಗೆ ಬಂದ ಅದರ ಎರಡು ಸೀಟಿನ ವಿದ್ಯುತ್ ರೋಡ್‌ಸ್ಟರ್ ಎರಡು ಟನ್ನಿಗೆ ಹತ್ತಿರ, ಎಂಜಿಬಿಯ ಎರಡರಷ್ಟು. ಲೋಟಸ್ 2023ರಲ್ಲಿ ದೆಹಲಿಗೆ ಬಂತು. ತಂದದ್ದು ಇಲೆಟ್ರೆ, ಸುಮಾರು ಎರಡೂವರೆ ಟನ್ನಿನ ವಿದ್ಯುತ್ ಎಸ್‌ಯುವಿ. ಐದು ಲೋಟಸ್ ಸೆವೆನ್‌ಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕು. ಬ್ಯಾಟರಿ ಭಾರ, ಏನು ಮಾಡುವುದು ಎನ್ನುತ್ತಾರೆ. ಹೊಗೆ ಇಲ್ಲದ್ದು ದೊಡ್ಡ ವಿಷಯ, ಒಪ್ಪೋಣ. ಅದಕ್ಕೆ ಚಾಪ್‌ಮನ್ನನ ಹಳೆಯ ಪ್ರಶ್ನೆಯನ್ನೇ ಕೇಳಬಹುದು: ಸಣ್ಣ ಕಾರಿಗೆ ಸಣ್ಣ ಬ್ಯಾಟರಿ ಸಾಕಲ್ಲವೇ?

ನಾವಿರುವ ಊರುಗಳಲ್ಲಿ ಈ ಕಿಲೋಗಳ ಎದುರಿಗೆ ಬರುವುದು ಇಲಾನ್ ಅಲ್ಲ, ಆಕ್ಟಿವಾ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಶೇಕಡಾ 44ಕ್ಕಿಂತ ಹೆಚ್ಚು ಜನ ದ್ವಿಚಕ್ರದ ಮೇಲಿದ್ದವರು. ಸ್ಕೂಟರಿನವನು ಹಗುರವನ್ನು ಆರಿಸಿಕೊಂಡವನಲ್ಲ. ಅವನಿಗೆ ತಿರುವುಗಳ ಸವಿ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಭೋಸರಿ ಮುಟ್ಟಿದರೆ ಸಾಕು. ಮೇಲಿನ ಲೆಕ್ಕದಲ್ಲಿ 75 ಬೀಳುವುದು ಅವನ ಮೇಲೆ, ನಿಜವೆಂದರೆ ಅದಕ್ಕಿಂತ ಹೆಚ್ಚು.

ಫ್ರಾನ್ಸಿನಲ್ಲಿ 2022ರಿಂದ ಕಾರಿನ ತೂಕಕ್ಕೇ ತೆರಿಗೆಯಿದೆ: ಮೊದಲು 1,800 ಕಿಲೋ ದಾಟಿದ ಪ್ರತಿ ಕಿಲೋಗೆ, 2024ರಲ್ಲಿ 1,600 ದಾಟಿದ್ದಕ್ಕೆ. ಅದೇ 2024ರಲ್ಲಿ ಪ್ಯಾರಿಸ್ಸಿನ ಮತದಾರರು ಹೊರಗಿನಿಂದ ಬರುವ ಭಾರಿ ಕಾರುಗಳ ಪಾರ್ಕಿಂಗ್ ದರವನ್ನು ಮೂರು ಪಟ್ಟು ಮಾಡಲು ಒಪ್ಪಿಗೆ ಕೊಟ್ಟರು. ಮತ ಹಾಕಲು ಬಂದವರೇ ಕಡಿಮೆ ಎಂದು ಟೀಕಾಕಾರರು ಹೇಳಿದರು, ಅದೂ ನಿಜ. ನಮ್ಮಲ್ಲಿ ಕಾರಿನ ಜಿಎಸ್‌ಟಿ ಉದ್ದ ನೋಡುತ್ತದೆ, ಇಂಜಿನ್ನಿನ ಗಾತ್ರ ನೋಡುತ್ತದೆ, ನೆಲದಿಂದ ಎಷ್ಟು ಎತ್ತರ ಎಂದೂ ನೋಡಿದ ಕಾಲವಿತ್ತು. ತಕ್ಕಡಿಯ ಮೇಲೆ ಮಾತ್ರ ಇನ್ನೂ ಹತ್ತಿಸಿಲ್ಲ.